ಒಂಬತ್ತನೇ ಪೆಟ್ಟಿಗೆ

ತುತ್ತು ಬಾಯಿಗಿಡಬೇಕು ಅನ್ನುವಷ್ಟರಲ್ಲಿ ಅವನಿಗೆ ಹೊಳೆಯಿತು, ದೀಪ ಎರಡೂ ಒಟ್ಟಿಗೆ ಮಿಣುಕುತ್ತಿದ್ದವು ಅಂತ. ಕ್ಯಾಂಟೀನಿನ ಎದುರು ಬೆಂಚಿನಲ್ಲಿ ಪ್ಯಾಕಿಂಗಿನ ಇಬ್ಬರು ಹೆಂಗಸರು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಶುರುಮಾಡಿ, ಕೊನೆಗೆ ಇಬ್ಬರೂ ಒಂದೇ ಉಸಿರಿನಲ್ಲಿ ತಂತಮ್ಮ ಅತ್ತೆಯರ ಪುರಾಣ ಬಿಚ್ಚಿದ್ದರು. ಇಬ್ಬರೂ ಒಟ್ಟಿಗೆ ಮಾತಾಡಿದರೆ ಕೇಳುವವರು ಯಾರಪ್ಪಾ ಅಂತ ಅವನಿಗೆ ನಗು ಬಂದಿತ್ತು. ಆ ನಗು ತುಟಿಯ ಮೇಲಿರುವಾಗಲೇ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ಕಣ್ಣಂಚಿನಲ್ಲಿ ನೋಡಿದ್ದು ನೆನಪಾಯಿತು. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ ಹೊಸ ಡಬ್ಬಿ, ಅದರ ಮೈಮೇಲಿನ ಎರಡು ಪುಟ್ಟ ದೀಪ. ಒಂದು, ಮಾತು ಹೊರಗೆ ಹೋಗುವಾಗ ಮಿಣುಕುವುದು. ಇನ್ನೊಂದು, ಮಾತು ಒಳಗೆ ಬರುವಾಗ ಮಿಣುಕುವುದು. ಹಳೇ ಡಬ್ಬಿಯಲ್ಲಿ ಮೊದಲನೆಯದು ಮಿಣುಕಿ, ಒಂದು ಗುಟುಕು ನೀರು ನುಂಗುವಷ್ಟು ತಡೆದು, ಆಮೇಲೆ ಎರಡನೆಯದು ಮಿಣುಕುತ್ತಿತ್ತು. ಕೇಳಿದ್ದಾಯಿತು, ಹೇಳಿದ್ದಾಯಿತು. ಈ ಹೊಸದರಲ್ಲಿ ಎರಡೂ ಒಟ್ಟಿಗೆ. ಅವನು ಕೈಯಲ್ಲಿದ್ದ ತುತ್ತನ್ನು ಊಟದ ಡಬ್ಬಿಗೇ ವಾಪಸ್ ಇಟ್ಟ.

ಬಣ್ಣದ ಕಾರ್ಖಾನೆ. ಹಿಂದುಗಡೆ ಅಂಗಳದಲ್ಲಿ ಬಣ್ಣ ತೆಳು ಮಾಡುವ ದ್ರವ ತುಂಬಿಡುವ ಐದು ಟ್ಯಾಂಕು, ಒಂದೊಂದೂ ಮನೆಯಷ್ಟು ಎತ್ತರ. ಖಾಲಿಯಾದಾಗ ಯಾರಾದರೂ ಒಳಗಿಳಿದು ತಳದ ಗಸಿ ಕೆರೆದು ತೆಗೆಯಬೇಕು. ಒಳಗಿನ ಗಾಳಿ ಕೆಟ್ಟಿದ್ದರೆ ಇಳಿದವನ ಕಥೆ ಮುಗಿಯಿತು ಅಂತಲೇ ಲೆಕ್ಕ. ಅದಕ್ಕೇ ಒಂದೊಂದು ಟ್ಯಾಂಕಿನ ಮಗ್ಗುಲಿಗೂ ಒಂದು ಪೆಟ್ಟಿಗೆ ಕೂರಿಸಿದ್ದರು. ಅದು ಸಣ್ಣ ಕೊಳವೆಯಲ್ಲಿ ಒಳಗಿನ ಗಾಳಿಯ ಮಾದರಿ ಎಳೆದು ನೋಡುತ್ತದೆ, ಕೆಟ್ಟದ್ದು ಕಂಡರೆ ತಾನೇ ಸೈರನ್ ಕೂಗುತ್ತದೆ. ಆದರೆ ಮಹಾ ಸೋಮಾರಿ ಪೆಟ್ಟಿಗೆ; ಹೇಳದಿದ್ದರೆ ಏನೂ ಮಾಡುವುದಿಲ್ಲ. ಕಂಟ್ರೋಲ್ ರೂಮಿನ ಕಂಪ್ಯೂಟರು ಉದ್ದನೆಯ ತಂತಿಯ ಮೇಲೆ ಮತ್ತೆ ಮತ್ತೆ ಕೂಗಿ ಹೇಳುತ್ತಿರಬೇಕು: ಮೂರನೆಯವನೇ, ಗಾಳಿ ಎಳೆ. ಪೆಟ್ಟಿಗೆ ಕೇಳಿಸಿಕೊಂಡದ್ದಕ್ಕೆ ಗುರುತಾಗಿ ಅದೇ ಮಾತನ್ನು ಅಕ್ಷರ ಬಿಡದೆ ತಿರುಗಿ ಹೇಳುತ್ತದೆ: ಮೂರನೆಯವನೇ, ಗಾಳಿ ಎಳೆ. ಹೋದ ಮಾತೂ ಬಂದ ಮಾತೂ ಒಂದೇ ಆಗಿದ್ದರೆ ಪರದೆಯ ಮೇಲೆ ಹಸಿರು, ಅದರ ಕೆಳಗೆ ‘ಸರಿ’. ಇಷ್ಟನ್ನು ನೋಡಿಕೊಳ್ಳುವುದು ಅವನ ಕೆಲಸ. ಹೆಂಡತಿಗೆ ಮದುವೆಯಾದ ಹೊಸದರಲ್ಲಿ ಇದನ್ನು ವಿವರಿಸಿದ್ದಾಗ, ಹಾಗಾದ್ರೆ ನಮ್ಮಪ್ಪನ ಹಾಗೆ, ಹೇಳಿದ್ದಕ್ಕೆಲ್ಲ ಹೂಂ ಅನ್ನೋದು ಅಷ್ಟೇನಾ ಅಂದಿದ್ದಳು.

ಹೋದ ವಾರ ಕಂಪ್ಯೂಟರಿಗೂ ತಂತಿಗೂ ನಡುವಿನ ಹಳೇ ಡಬ್ಬಿ ಸುಟ್ಟುಹೋಗಿ ಹೊಸದನ್ನು ಅವನೇ ಹಾಕಿದ್ದ. ಅದರ ಹೊಟ್ಟೆಯ ಕೆಳಗೆ ಉಗುರಿನಷ್ಟೂ ಇಲ್ಲದ ನಾಲ್ಕೈದು ಸ್ವಿಚ್ಚು. ಅದರಲ್ಲೊಂದು, ಕಳಿಸಿದವನಿಗೆ ಕಳಿಸಿದ ಮಾತನ್ನೇ ತಿರುಗಿ ಕೇಳಿಸುವಂಥದ್ದು. ಡಬ್ಬಿ ಸರಿಯಿದೆಯೋ ಇಲ್ಲವೋ ನೋಡಲಿಕ್ಕೆ ಅಂಗಡಿಯವರು ಹಾಕಿಕೊಳ್ಳುವುದು. ಅದನ್ನು ತೆಗೆದೆನೋ ಬಿಟ್ಟೆನೋ. ಸ್ಕ್ರೂಡ್ರೈವರಿನ ತುದಿ ನೆನಪಿಗೆ ಬರುತ್ತಿತ್ತು, ಮೇಜಿನ ಮೇಲಿನ ಧೂಳು ಬರುತ್ತಿತ್ತು, ಅದೇ ಹೊತ್ತಿಗೆ ಹೆಂಡತಿ ಫೋನು ಮಾಡಿ ಮಗಳ ಬೂಟು ಕಚ್ಚುತ್ತಿದೆ, ಸಂಜೆ ಬರುವಾಗ ಬದಲಾಯಿಸಿ ತನ್ನಿ ಅಂದದ್ದು ಬರುತ್ತಿತ್ತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ಎಡಗಾಲಿನದ್ದೋ ಬಲಗಾಲಿನದ್ದೋ ಅಂತ ತಾನು ಕೇಳಿದ್ದು ಕೂಡ ನೆನಪಿತ್ತು. ಬಲಗಾಲಿನದ್ದು. ಸ್ವಿಚ್ಚು ಮಾತ್ರ ನೆನಪಿಲ್ಲ. ತಂತಿ ಸಿಕ್ಕಿಸುವಾಗ ಅದರ ಎರಡು ಎಳೆಗಳಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅಂತ ನೋಡಿದ್ದೂ ನೆನಪಿಲ್ಲ. ಒಂದು ಕಂಪನಿಯವನು ‘ಎ’ ಅಂದದ್ದನ್ನು ಇನ್ನೊಬ್ಬ ‘ಬಿ’ ಅನ್ನುತ್ತಾನೆ, ಹಾಳಾದವರು, ಇವರ ಮನೆ ಕಾಯಾ. ತಂತಿ ತಿರುಗುಮುರುಗಾಗಿದ್ದರೆ ಪೆಟ್ಟಿಗೆಗಳಿಗೆ ಏನೂ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಪರದೆ ಕೆಂಪಾಗಬೇಕು. ಆದರೆ ಆ ಸ್ವಿಚ್ಚು ಹಾಗೇ ಉಳಿದಿದ್ದರೆ ಕೆಂಪಾಗುವುದಿಲ್ಲ. ಹಾಕಿದ ತಕ್ಷಣ ಐದೂ ಹಸಿರು ಬಂದಾಗ ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡು ಮನೆಗೆ ಹೋಗಿದ್ದ, ಬೂಟು ಬದಲಾಯಿಸಿಕೊಂಡೇ.

ಪಕ್ಕದ ಸಾಲಿನಲ್ಲಿ ಟ್ಯಾಂಕು ತೊಳೆಯುವ ಗುಂಪು ಊಟ ಮುಗಿಸಿ ಏಳುತ್ತಿತ್ತು. ಮೇಸ್ತ್ರಿ ಮುಂದೆ, ಹಿಂದೆ ಅವನ ಆಳುಗಳು, ಅವರಲ್ಲಿ ಎಲ್ಲರಿಗಿಂತ ಎತ್ತರದವನು ಇವನ ಬಾಮೈದ, ಹೆಂಡತಿಯ ತಮ್ಮ. ಎಲ್ಲೂ ಒಂದು ಕಡೆ ನಿಲ್ಲದ ಪ್ರಾಣಿಯನ್ನು ಇಲ್ಲಿಗೆ ಸೇರಿಸಿದವನು ಇವನೇ. ಅತ್ತೆ ಅವತ್ತು ಬಾಗಿಲ ತನಕ ಬಂದು, ನಿಮ್ಮ ಕೈಗೆ ಒಪ್ಪಿಸಿದೀನಿ ಅಳಿಯಂದ್ರೇ ಅಂದಿದ್ದರು. ಒಪ್ಪಿಸಿದ್ದು ಅಂದರೇನು, ಅವನೇನು ಸಾಮಾನೇ ಅಂತ ಆಗ ಅನ್ನಿಸಿತ್ತು. ಈಗ ಆ ಮಾತು ಬಂದು ಎದೆಯ ಮೇಲೆ ಕೂತಿತು. ಊಟ ಆದಮೇಲೆ ಮೂರನೇ ಟ್ಯಾಂಕು ಅಂತ ಬೆಳಿಗ್ಗೆಯೇ ಹಲಗೆಯ ಮೇಲೆ ಬರೆದಿತ್ತು. ಎದ್ದು ಒಂದೇ ಒಂದು ಮಾತು ಹೇಳಿದರೆ ಮುಗಿಯಿತು: ತಡೀರಿ, ಇಳೀಬೇಡಿ, ನನಗೆ ಅನುಮಾನ ಇದೆ. ಮಾತು ಗಂಟಲಿನ ತನಕ ಬಂತು. ಅಷ್ಟರಲ್ಲಿ ಬಾಮೈದ ಕೈ ಒರೆಸಿಕೊಳ್ಳುತ್ತ ಹತ್ತಿರವೇ ಬಂದು, ಇವನ ಡಬ್ಬಿಗೆ ಇಣುಕಿ, ಅಕ್ಕ ಮಾಡಿದ್ದನ್ನ ಯಾವತ್ತು ನೀವು ಪೂರ್ತಿ ತಿಂದಿದೀರಿ ಭಾವ ಅಂದ. ಮೇಸ್ತ್ರಿ ಹಿಂದಿನಿಂದ, ಹುಲಿಯಣ್ಣನಿಗೆ ಇದೆಲ್ಲ ಎಲ್ಲಿ ಸಾಕಾಗುತ್ತೆ ಅಂದ. ಎಲ್ಲರೂ ನಕ್ಕರು. ಇವನೂ ನಕ್ಕ. ಗಂಟಲಿನ ಮಾತು ಕೆಳಗಿಳಿಯಿತು.

ಹುಲಿಯಣ್ಣ ಅನ್ನುವುದು ಅವನ ಶೌರ್ಯಕ್ಕೆ ಬಂದ ಹೆಸರಲ್ಲ. ಹಿಂದೊಮ್ಮೆ ಇದೇ ತಂತಿಯ ಒಂದು ಬೆಸುಗೆ ಸಡಿಲವಾಗಿ ಪರದೆ ಇದ್ದಕ್ಕಿದ್ದಂತೆ ಕೆಂಪಾದಾಗ ಅವನು ಹಿಂದೆಮುಂದೆ ನೋಡದೆ ಇಡೀ ಕಾರ್ಖಾನೆಯ ಕೆಲಸ ನಿಲ್ಲಿಸಿಬಿಟ್ಟಿದ್ದ. ಕುದಿಯುತ್ತಿದ್ದ ಒಂದು ದೊಡ್ಡ ಹಂಡೆ ಬಣ್ಣ ಗಟ್ಟಿಯಾಗಿ ಹಂಡೆಗೇ ಅಂಟಿಕೊಂಡಿತು. ಅದನ್ನು ಉಳಿ ಸುತ್ತಿಗೆಯಲ್ಲಿ ಕೆತ್ತಿ ತೆಗೆಯಬೇಕಾಯಿತು. ಎಲ್ಲರೂ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಗಾಳಿ ಚೆನ್ನಾಗಿಯೇ ಇತ್ತು. ಮ್ಯಾನೇಜರು ಅಷ್ಟು ಜನರ ನಡುವೆ ಇವನ ಹತ್ತಿರ ಬಂದು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮಗುವನ್ನು ಕೇಳುವ ಧ್ವನಿಯಲ್ಲಿ ‘ಏನ್ರೀ, ಹುಲಿ ಬಂತಾ?’ ಅಂದಿದ್ದರು. ಅವತ್ತಿನಿಂದ ಹುಲಿಯಣ್ಣ. ಮೂತ್ರಕ್ಕೆ ನಿಂತರೆ ಪಕ್ಕದವನು ಮೆಲ್ಲಗೆ ಗುರ್ ಅನ್ನುವುದು. ಮನೆಯಲ್ಲಿ ಮಗಳು ಒಂದು ದಿನ ಆಟವಾಡುತ್ತ ಅಪ್ಪ ಹುಲಿ ಅಂದಾಗ ಅವನು ಕಪಾಳಕ್ಕೆ ಹೊಡೆದಿದ್ದ. ಅದಕ್ಕೆ ಪಾಪ ಏನು ಗೊತ್ತಿತ್ತು, ಹುಲಿ ಅಂದರೆ ಗಟ್ಟಿಗ ಅಂತಲೇ ತಿಳಿದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ಅವನದ್ದು ಒಂದು ಬೆಸುಗೆಗೆ ಹೋಗಿತ್ತು. ಇನ್ನೊಂದು ಸಲ ಅದೇ ಮ್ಯಾನೇಜರು, ಅದೇ ಧ್ವನಿ, ಅದೇ ಬಿಸಿಲು ಅಂದರೆ ಅವನು ಬದುಕಿ ಪ್ರಯೋಜನವಿಲ್ಲ. ಮೊದಲು ಹೋಗಿ ನೋಡೋಣ ಅಂದುಕೊಂಡ. ನೋಡಿ, ಖಾತ್ರಿ ಮಾಡಿಕೊಂಡು, ಆಮೇಲೆ ಹೇಳೋಣ.

ಕಂಟ್ರೋಲ್ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು. ಪರದೆಯ ಮೇಲೆ ಐದು ಹಸಿರು, ಐದು ‘ಸರಿ’, ಎಷ್ಟು ಚೆಂದ ಕಾಣುತ್ತಿತ್ತು. ಅವನು ಮೇಜಿನ ಹಿಂದೆ ಹೋಗಿ ಮಂಡಿಯೂರಿ ಕೂತು ಡಬ್ಬಿಯನ್ನು ನೋಡಿದ. ದೀಪಗಳು ಮಿಣುಕಿದವು, ಎರಡೂ ಒಟ್ಟಿಗೆ. ಹೊಸ ಡಬ್ಬಿ ಚುರುಕು ಇರಬಹುದು, ಅಷ್ಟು ಬೇಗ ಉತ್ತರ ತರುತ್ತಿರಬಹುದು, ನನ್ನ ಕಣ್ಣಿಗೆ ನಡುವಿನ ತಡೆ ಕಾಣುತ್ತಿಲ್ಲ, ಅಷ್ಟೇ. ಹೀಗೆ ಅಂದುಕೊಂಡಾಗ ಸ್ವಲ್ಪ ಹಾಯೆನಿಸಿತು. ಮತ್ತೆ ನೋಡಿದ. ಗೊತ್ತಾಗಲಿಕ್ಕೆ ಸುಲಭದ ದಾರಿಯಿತ್ತು; ಡಬ್ಬಿಯಿಂದ ಹೊರಗೆ ಹೋಗುವ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿಯುವುದು. ಮಾತಾಡುವವರೇ ಇಲ್ಲದ ಮೇಲೆ ಪರದೆ ಕೆಂಪಾಗಬೇಕು. ಕೆಂಪಾದರೆ ಎಲ್ಲ ಸರಿಯಿದೆ ಅಂತ ಅರ್ಥ, ತಂತಿ ವಾಪಸ್ ಸಿಕ್ಕಿಸಿ ಹೋಗಿ ಊಟ ಮಾಡಬಹುದು. ಕೆಂಪಾಗದಿದ್ದರೆ? ಅವನು ಕೈಯನ್ನು ತಂತಿಯ ಹತ್ತಿರ ಒಯ್ದು ಹಾಗೇ ಹಿಡಿದುಕೊಂಡಿದ್ದ. ಅಪ್ಪನಿಗೆ ಕೊನೆಗಾಲದಲ್ಲಿ ಆಸ್ಪತ್ರೆಯಿಂದ ಪರೀಕ್ಷೆಯ ಫಲಿತಾಂಶದ ಲಕೋಟೆ ಬಂದಾಗ ಒಂದು ಇಡೀ ಮಧ್ಯಾಹ್ನ ಅದನ್ನು ಒಡೆಯದೆ ತೊಡೆಯ ಮೇಲಿಟ್ಟುಕೊಂಡು ರೇಡಿಯೋ ಕೇಳಿದ್ದರು. ಒಡೆಯೋವರೆಗೂ ನಾನು ಆರೋಗ್ಯವಾಗಿದೀನಿ ಕಣೋ ಅಂದಿದ್ದರು. ಆಗ ಅವನಿಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂದಿತ್ತು, ಈ ಹೇಡಿತನ ನನಗೆ ಬಾರದಿರಲಿ ಅಂದುಕೊಂಡಿದ್ದ. ಕಿಟಕಿಯ ಆಚೆ ಯಾರೋ ಬಕೆಟ್ಟು ಎಳೆದುಕೊಂಡು ಹೋದ ಸದ್ದಾಯಿತು. ಗುಂಪು ಅಂಗಳ ಸೇರಿರಬೇಕು. ಬೆಲ್ಟು ಬಿಗಿಯುತ್ತಿರಬೇಕು. ಅವನು ಕಣ್ಣು ಮುಚ್ಚಿಕೊಂಡು ತಂತಿ ಕಿತ್ತ.

ಎದ್ದು ಪರದೆ ನೋಡಿದ. ಐದೂ ಹಸಿರು. ಐದೂ ‘ಸರಿ’.

ಕಿತ್ತ ತಂತಿ ಅವನ ಕೈಯಲ್ಲೇ ಇತ್ತು, ಎರಡು ತಾಮ್ರದ ಎಳೆ ಬೆರಳಿಗೆ ಚುಚ್ಚುತ್ತಿದ್ದವು. ಬಹುಶಃ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂತ ಕಾದ. ಇನ್ನೂ ಸ್ವಲ್ಪ ಕಾದ. ಹಸಿರು. ಆಮೇಲೆ ಯಾಕೆ ಅಂತ ಅವನಿಗೇ ಗೊತ್ತಿಲ್ಲ, ಕೀಲಿಮಣೆ ಎಳೆದುಕೊಂಡು ಒಂಬತ್ತನೇ ಪೆಟ್ಟಿಗೆಗೆ ಒಂದು ಮಾತು ಕಳಿಸಿದ: ಒಂಬತ್ತನೆಯವನೇ, ಗಾಳಿ ಎಳೆ. ಈ ಕಾರ್ಖಾನೆಯಲ್ಲಿ ಒಂಬತ್ತನೇ ಪೆಟ್ಟಿಗೆಯಿಲ್ಲ. ಒಂಬತ್ತನೇ ಟ್ಯಾಂಕಿಲ್ಲ. ಇರುವುದೇ ಐದು, ಇದು ಅವನ ಮಗಳಿಗೂ ಗೊತ್ತು. ಒಂಬತ್ತನೆಯವನು ತಕ್ಷಣ, ಒಂದಿಷ್ಟೂ ತಡವರಿಸದೆ, ಸರಿ ಅಂದ. ಇಲ್ಲದವನು ಉತ್ತರ ಕೊಡುತ್ತಿದ್ದಾನೆ. ಒಂದು ವಾರದಿಂದ ಈ ಕೋಣೆಯಲ್ಲಿ ಕೂತು ತಾನು ಕಂಡು ತಲೆಯಾಡಿಸಿದ್ದು, ಶಿಫ್ಟು ಮುಗಿಸುವಾಗ ಎಲ್ಲ ಸರಿಯಿದೆ ಅಂತ ಸಹಿ ಹಾಕಿದ್ದು, ಮ್ಯಾನೇಜರು ಕೇಳಿದಾಗ ಗಾಳಿ ಚೆನ್ನಾಗಿದೆ ಸಾರ್ ಅಂತ ಗಟ್ಟಿಯಾಗಿ ಹೇಳಿದ್ದು, ಎಲ್ಲವೂ ಕಂಪ್ಯೂಟರು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಹೂಂಗುಟ್ಟಿದ್ದು. ಪೆಟ್ಟಿಗೆಗಳು ಒಂದು ವಾರದಿಂದ ನಿದ್ದೆ ಮಾಡುತ್ತಿವೆ. ಟ್ಯಾಂಕುಗಳ ಒಳಗೆ ಏನಿದೆ ಅಂತ ಈ ಭೂಮಿಯ ಮೇಲೆ ಒಬ್ಬನಿಗೂ ಗೊತ್ತಿಲ್ಲ.

ಫೋನು ಎತ್ತಿದ. ಅವಸರದಲ್ಲಿ ಮೊದಲ ಸಲ ತಪ್ಪು ನಂಬರು ಹೋಯಿತು, ಯಾರೋ ಸ್ಟೋರಿನವನು ಹಲೋ ಅಂದ. ಎರಡನೇ ಸಲ ಮೇಸ್ತ್ರಿ ಸಿಕ್ಕ. ಏನು ಹೇಳಬೇಕು ಅಂತ ಅವನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ, ನಾನು ತಪ್ಪು ಮಾಡಿದೀನಿ, ಡಬ್ಬಿ ಸರಿಯಾಗಿ ಹಾಕಿಲ್ಲ. ಬಾಯಿಂದ ಬಂದದ್ದು ಬೇರೆ. ಮೆಷಿನ್ನಿಂದು ಒಂದು ಸಣ್ಣ ಚೆಕಿಂಗ್ ಇದೆ ಮೇಸ್ತ್ರಿ, ಒಳಗಿರೋರನ್ನ ಹೊರಗೆ ಕರೀರಿ ಅಂದ. ಸಣ್ಣ ಅನ್ನುವ ಪದ ಎಲ್ಲಿಂದ ಬಂತೋ. ಆ ಕಡೆ ಗಾಳಿಯ ಸದ್ದು, ಯಾರದೋ ನಗು. ‘ಕರೀತೀನಿ, ಕರೀತೀನಿ, ಒಳಗಿರೋರನ್ನ ಹೊರಗೆ ಕರೀತೀನಿ’ ಅಂದ ಮೇಸ್ತ್ರಿ. ಅವನು ಫೋನಿಟ್ಟ. ಎದೆಯಿಂದ ಬಂಡೆ ಇಳಿದಂತಾಯಿತು. ಕುರ್ಚಿಯಲ್ಲಿ ಕೂತು ಬಾಟಲಿಯ ನೀರನ್ನು ಗಟಗಟ ಕುಡಿದ. ಸದ್ಯ, ದೊಡ್ಡ ರಂಪ ಆಗಲಿಲ್ಲ. ಎಲ್ಲರೂ ಹೊರಗೆ ಬಂದು ಒಂದು ಬೀಡಿ ಸೇದುವಷ್ಟರಲ್ಲಿ ತಾನು ಸ್ವಿಚ್ಚು ತೆಗೆದು, ತಂತಿ ತಿರುಗಿಸಿ ಹಾಕಿ, ಪೆಟ್ಟಿಗೆಗಳನ್ನು ಎಬ್ಬಿಸಿಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸ್ಕ್ರೂಡ್ರೈವರಿಗೆ ಕೈ ಹಾಕಿದವನು ಹಾಗೇ ನಿಂತ. ಮೇಸ್ತ್ರಿ ಹೇಳಿದ್ದೇನು? ತಾನು ಹೇಳಿದ್ದನ್ನೇ ಹೇಳಿದ, ಅಕ್ಷರ ಬಿಡದೆ. ಕರೆದೆ ಅನ್ನಲಿಲ್ಲ, ಯಾಕೆ ಅಂತ ಕೇಳಲಿಲ್ಲ, ಇನ್ನೂ ಯಾರೂ ಇಳಿದಿಲ್ಲ ಅಂತಲೋ ಇಳಿದಾಗಿದೆ ಅಂತಲೋ ಹೇಳಲಿಲ್ಲ. ಮಾತು ಮುಗಿಸಿ ಫೋನಿಡಲಿಕ್ಕೆ ಜನ ಹಾಗೆ ಅನ್ನುತ್ತಾರೆ, ತಾನೂ ಹೆಂಡತಿಗೆ ದಿನಾ ಅನ್ನುತ್ತಾನೆ. ತರ್ತೀನಿ, ತರ್ತೀನಿ. ಅವನು ಮತ್ತೆ ಫೋನು ಮಾಡಿದ. ರಿಂಗಾಯಿತು, ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಹೊರಗೆ ಓಡಿದ. ಪ್ಯಾಕಿಂಗ್ ಶೆಡ್ಡಿನ ಮೂಲೆ ತಿರುಗುವ ತನಕ ಓಡಿದ. ತಿರುಗಿದರೆ ಎದುರಿಗೇ ಮ್ಯಾನೇಜರು, ಕೋಟು ಹಾಕಿಕೊಂಡ ಇಬ್ಬರು ಹೊರಗಿನವರಿಗೆ ಕೈತೋರಿಸಿ ಏನೋ ವಿವರಿಸುತ್ತ ನಿಂತಿದ್ದರು. ಅವನ ಕಾಲು ತಾನಾಗಿ ನಿಧಾನವಾಯಿತು. ಅವನು ಆಮೇಲೆ ಎಷ್ಟು ಸಲ ನೆನೆದುಕೊಂಡರೂ ಅದು ಕಾಲು ಮಾಡಿದ ತಪ್ಪೋ ತಾನು ಮಾಡಿದ್ದೋ ಅಂತ ತಿಳಿಯಲಿಲ್ಲ. ಓಡುವವನನ್ನು ಯಾಕೆ ಓಡುತ್ತೀಯ ಅಂತ ಕೇಳುತ್ತಾರೆ. ನಡೆಯುವವನನ್ನು ಯಾರೂ ಕೇಳುವುದಿಲ್ಲ. ಅಂಗಿಯ ತೋಳು ಸರಿಮಾಡಿಕೊಂಡು, ಮುಖದ ಮೇಲೆ ಒಂದು ಕೆಲಸದ ಕಳೆ ತಂದುಕೊಂಡು, ಮ್ಯಾನೇಜರ ಕಡೆ ಸಣ್ಣಗೆ ತಲೆಬಾಗಿಸಿ, ನಡೆದ. ಮೂರನೇ ಟ್ಯಾಂಕಿನಲ್ಲಿ ಬಾಮೈದ ಎಷ್ಟು ಉಸಿರು ಎಳೆದುಕೊಳ್ಳುತ್ತಿದ್ದಾನೋ ಅಷ್ಟು ಹೆಜ್ಜೆ ನಡೆದ. ಮ್ಯಾನೇಜರು ಇವನನ್ನು ನೋಡಲೇ ಇಲ್ಲ. ಅವರ ಬೆನ್ನು ದಾಟಿದ ಮೇಲೆ ಮತ್ತೆ ಓಡಿದ.

ಮೂರನೇ ಟ್ಯಾಂಕಿನ ನೆತ್ತಿಯ ಮೇಲೆ ಮೇಸ್ತ್ರಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡಿದ್ದ. ಮಾತು ಮುಗಿದ ಮೇಲೆ ಫೋನನ್ನು ಕೆಳಗೆ ಅಂಗಿಯ ಜೇಬಿನಲ್ಲೇ ಬಿಟ್ಟು ಹತ್ತಿದ್ದ, ಅಂಗಿ ಕಂಬಕ್ಕೆ ನೇತುಹಾಕಿತ್ತು. ಇವನು ಏಣಿ ಹತ್ತುವಾಗ ಮಗ್ಗುಲಿನ ಪೆಟ್ಟಿಗೆಗೆ ಕೈ ತಗುಲಿತು. ಗಾಳಿ ಎಳೆಯುವಾಗ ಅದರ ಒಳಗಿನ ಪಂಪು ಗುರುಗುಟ್ಟಬೇಕು, ಅಂಗೈಗೆ ನಡುಕ ತಾಕಬೇಕು. ಪೆಟ್ಟಿಗೆ ತಣ್ಣಗೆ, ಸುಮ್ಮನೆ ಇತ್ತು. ಹೊರಗೆ ಕರೀರಿ ಅಂದೆನಲ್ಲ ಅಂತ ಅವನು ಏದುಸಿರಿನಲ್ಲಿ ಕೇಳಿದ. ಮೇಸ್ತ್ರಿ ಹಲ್ಲು ಕಿರಿದು, ಒಬ್ಬನೇ ಇಳಿದಿರೋದು, ನಿಮ್ಮವನೇ, ಅರ್ಧ ಮುಗಿಸಿದಾನೆ, ಇವತ್ತು ಭಾರಿ ಉಮೇದಿನಲ್ಲಿದಾನೆ, ನೀವೇ ಕೇಳಿ ಅಂದ. ಒಳಗಿನಿಂದ ಹಾಡು ಬರುತ್ತಿತ್ತು. ಅವನು ಟ್ಯಾಂಕಿನ ಬಾಯಿಗೆ ಬಗ್ಗಿ, ಮೇಲೆ ಬಾರೋ ಅಂತ ಕೂಗಿದ. ಹಾಡು ನಿಂತಿತು.

‘ಭಾವ ಬಂದ್ರಾ? ಹುಲಿ ಬಂತಾ ಭಾವ?’

ಮೇಸ್ತ್ರಿ ತೊಡೆ ತಟ್ಟಿಕೊಂಡು ನಕ್ಕ. ಕೆಳಗೆ ನಿಂತಿದ್ದ ಆಳುಗಳೂ ನಕ್ಕರು. ಒಳಗಿನವನು ಎಲ್ಲರಿಗಿಂತ ಹೆಚ್ಚು ನಕ್ಕ. ಇವನಿಗೆ ಕಿವಿ ಕಾದುಹೋಯಿತು. ಇಷ್ಟು ದಿನ ಹೊರಗಿನವರು ಅಂದದ್ದಾಯಿತು, ಈಗ ಮನೆಯವನೇ, ತಾನು ಕೈಹಿಡಿದು ಕರೆತಂದವನೇ, ಇಷ್ಟು ಜನರ ಮುಂದೆ. ತಮಾಷೆ ಸಾಕು, ಮೇಲೆ ಬಾ ಅಂದ, ಆದರೆ ಧ್ವನಿಯಲ್ಲಿ ಅಧಿಕಾರ ಬರಲಿಲ್ಲ, ಬೇಡಿಕೊಂಡ ಹಾಗೆ ಕೇಳಿಸಿತು. ಹುಲಿ ಬಂತಾ ಭಾವ ಅಂತ ಮತ್ತೆ ಬಂತು, ಮತ್ತೆ ನಗು. ಸಾಯಲಿ ಹಾಗಾದರೆ. ಅವನು ನಿಜವಾಗಿಯೂ ಹಾಗೇ ಅಂದುಕೊಂಡ. ಸಾಯಲಿ. ಹೇಳುವುದು ಹೇಳಿಯಾಯಿತು, ಕೇಳದಿದ್ದರೆ ನನ್ನ ತಪ್ಪೇನು. ತಿರುಗಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ, ಎರಡನೆಯದಕ್ಕೂ ಇಟ್ಟ. ಒಳಗಿನಿಂದ ಮೂರನೇ ಸಲ ಬಂತು: ಹುಲಿ ಬಂತಾ ಭಾವ? ಈ ಸಲ ಮೇಲೆ ಯಾರೂ ನಗಲಿಲ್ಲ. ಅದೇ ರಾಗ, ಅದೇ ಎಳೆತ, ಭಾವ ಅನ್ನುವಲ್ಲಿ ಅದೇ ಏರು. ನಾಲ್ಕನೇ ಸಲ ಬಂದಾಗ ಪದಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ನಗು ಮಾತ್ರ ನಿಲ್ಲದೆ ಸುರಿಯುತ್ತಿತ್ತು. ಈ ಮಾತಿನ ಮಲ್ಲ ಒಂದು ತಮಾಷೆಯನ್ನು ಎರಡನೇ ಸಲ ಹೇಳಿದವನಲ್ಲ; ಬೇರೆಯವರು ಹೇಳಿದರೂ ಹಳಸಲು ಅಂತ ಎದ್ದುಹೋಗುವವನು. ಮತ್ತೆ, ಇಷ್ಟು ವರ್ಷದಲ್ಲಿ ಎಲ್ಲರೂ ಹುಲಿ ಹುಲಿ ಅಂದರೂ ಅವನೊಬ್ಬ ಇವನನ್ನು ಆ ಮಾತಿನಿಂದ ಚುಚ್ಚಿರಲಿಲ್ಲ. ಒಂದು ದಿನವೂ ಇಲ್ಲ. ನಗುತ್ತಿರುವುದು ಅವನಲ್ಲ. ಅವನೊಳಗೆ ಹೋಗಿರುವ ಗಾಳಿ.

‘ಎಳೀರಿ’ ಅಂದ. ಮೇಸ್ತ್ರಿ ಮುಖ ನೋಡಿದ. ಇವನು ಬಗ್ಗಿ ಅವನ ಕಾಲಿನಿಂದ ಹಗ್ಗ ಕಿತ್ತುಕೊಂಡು ಒಬ್ಬನೇ ಜಗ್ಗತೊಡಗಿದ. ಕೆಳಗಿನವರು ಏಣಿ ಹತ್ತಿ ಬರುವಷ್ಟರಲ್ಲಿ ನಗು ನಿಂತುಹೋಗಿತ್ತು. ಹಗ್ಗ ಮೊದಲು ಸಡಿಲವಾಗಿ ಬಂತು, ಆಮೇಲೆ ಬಿಗಿಯಾಯಿತು, ಆಮೇಲೆ ಎಲ್ಲೋ ಸಿಕ್ಕಿಕೊಂಡು ನಿಂತಿತು. ನಾನು ಇಳೀತೀನಿ ಅಂತ ಒಬ್ಬ ಬಾಯಿಗೆ ಕಾಲು ಹಾಕಿದ. ಮೇಸ್ತ್ರಿ ಅವನ ಕತ್ತುಪಟ್ಟಿ ಹಿಡಿದು ಹಿಂದಕ್ಕೆ ಎಳೆದು ಹಾಕಿದ. ಅಯ್ಯೋ ದೇವರೇ, ಅತ್ತೆಗೆ ಏನು ಹೇಳಲಿ, ಇವಳಿಗೆ ಏನು ಹೇಳಲಿ ಅಂತ ಇವನು ಗಟ್ಟಿಯಾಗಿಯೇ ಅನ್ನುತ್ತಿದ್ದ, ಅದು ತನಗೆ ಗೊತ್ತಿರಲಿಲ್ಲ. ಅಂಗೈ ಸಿಪ್ಪೆ ಎದ್ದಿತ್ತು. ಎಲ್ಲರೂ ಸೇರಿ ಹಗ್ಗವನ್ನು ಒಂದು ಪಕ್ಕಕ್ಕೆ ಜಗ್ಗಿ ಮತ್ತೆ ಎಳೆದಾಗ ಭಾರ ಮೇಲಕ್ಕೆ ಬಂತು. ಮೊದಲು ಒಂದು ಕೈ, ಆಮೇಲೆ ಕತ್ತು ವಾಲಿದ ತಲೆ. ತುಟಿಯ ಮೇಲೆ ನಗು ಹಾಗೇ ಉಳಿದಿತ್ತು. ಅದನ್ನು ನೋಡಲಾರದೆ ಇವನು ಮುಖ ತಿರುಗಿಸಿದ.

ಕೆಳಗಿಳಿಸಿ, ಗಾಳಿ ಬೀಸುವ ಕಡೆ ಮಲಗಿಸಿ, ಮೇಸ್ತ್ರಿ ಅವನ ಎದೆ ಒತ್ತಿದ, ಕೆನ್ನೆಗೆ ಬಡಿದ, ಬೈದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಮೈದ ಒಂದು ಸಲ ಕೆಮ್ಮಿ, ಮಗ್ಗುಲಾಗಿ ವಾಂತಿ ಮಾಡಿಕೊಂಡು, ಉಸಿರೆಳೆದ. ಉಸಿರು ಹೋಯಿತು, ಬಂತು, ಮತ್ತೆ ಹೋಯಿತು, ಬಂತು. ಇವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪ್ರತಿ ಸಲವೂ ಇನ್ನೊಂದು ಬರುತ್ತದೋ ಇಲ್ಲವೋ ಅಂತ ನೋಡುತ್ತಿದ್ದ. ವ್ಯಾನು ಬಂತು. ಬಾಮೈದನನ್ನು ಹತ್ತಿಸಿಕೊಂಡು ಹೋದರು. ಬದುಕ್ತಾನೆ ಬಿಡಿ, ಕಣ್ಣು ಆಡಿಸ್ತಿದಾನೆ ಅಂದ ಕಾರ್ಖಾನೆಯ ಕಾಂಪೌಂಡರು. ಯಾವಾಗ ಬಂದರೋ, ಮ್ಯಾನೇಜರು ಇವನ ಹಿಂದೆ ನಿಂತಿದ್ದರು, ಕೋಟಿನವರೂ ಜೊತೆಗಿದ್ದರು. ಮೇಸ್ತ್ರಿ ಹೇಳುತ್ತಿದ್ದ, ಇವರು ಫೋನ್ ಮಾಡಿದ್ರು ಸಾರ್, ನಾವೇ ತಮಾಷೆ ಅಂದ್ಕೊಂಡ್ವಿ, ಇವರು ಓಡಿ ಬರದೆ ಇದ್ದಿದ್ರೆ ಇವತ್ತು ಹೆಣ ಎತ್ತಬೇಕಾಗ್ತಿತ್ತು. ಮ್ಯಾನೇಜರು ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು. ಅಂತೂ ನಿಮ್ಮ ಮೆಷಿನ್ನು ಸೈರನ್ನಿಗೂ ಮೊದಲೇ ಹಿಡಿದುಬಿಡ್ತು ಅಲ್ವಾ ಅಂದರು. ಅವನು ತಲೆಯೆತ್ತಿದ. ಸುತ್ತ ನಿಂತವರ ಕಣ್ಣಲ್ಲಿ ಅವನು ಯಾವತ್ತೂ ಕಾಣದಿದ್ದ ಒಂದು ಮರ್ಯಾದೆ ಇತ್ತು.

‘ಹೌದು ಸಾರ್’ ಅಂದ.

ಆ ಎರಡು ಮಾತು ಎಷ್ಟು ಹಗುರಾಗಿ ಬಂದವು ಅಂದರೆ ಅವನಿಗೇ ಆಶ್ಚರ್ಯವಾಯಿತು. ಮೈಗೆ ಬಿಸಿನೀರು ಹುಯ್ದ ಹಾಗೆ ಹಿತವಾಯಿತು. ನೋಡಿದ್ರಾ, ಕಾರ್ಖಾನೆಗೆ ಬೇಕಾದ್ದು ಇಂಥ ಎಚ್ಚರ ಅಂತ ಮ್ಯಾನೇಜರು ಕೋಟಿನವರಿಗೆ ಹೇಳುತ್ತಿದ್ದರು. ಮೆಷಿನ್ನು ತನ್ನ ಕೆಲಸ ತಾನು ಮಾಡುತ್ತೆ, ಇವರು ಸರಿಯಾದ ಹೊತ್ತಿಗೆ ಓದಿದ್ರು. ಹಂಡೆಯ ಕಥೆ, ಗೇಟಿನ ಹೊರಗಿನ ಬಿಸಿಲು, ಎಲ್ಲ ಇವತ್ತಿಗೆ ತೊಳೆದುಹೋಯಿತು ಅಂತ ಅವನಿಗೆ ಅನ್ನಿಸಿತು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಸ್ವಿಚ್ಚು ಸರಿಮಾಡಿದರೆ ಆಯಿತು. ಅಷ್ಟರಲ್ಲಿ ಮ್ಯಾನೇಜರು ಮೇಸ್ತ್ರಿಯ ಕಡೆ ತಿರುಗಿ, ಮೂರನ್ನ ಬಾಯಿ ತೆಗೆದು ಬಿಡಿ, ಗಾಳಿಯಾಡಲಿ, ಅಲ್ಲೀತನಕ ಎರಡನೇದು ಮಾಡ್ಕೊಳ್ಳಿ, ಅದು ಹಸಿರೇ ಇದೆ ತಾನೇ ಅಂದರು. ಕಡೆಯ ಮಾತು ಇವನ ಕಡೆ ನೋಡಿ ಕೇಳಿದ್ದು. ಆದರೆ ಉತ್ತರಕ್ಕೆ ಕಾಯಲಿಲ್ಲ, ಇವನು ಏನು ಹೇಳುತ್ತಾನೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಮೇಸ್ತ್ರಿ ಯಾರನ್ನೋ ಕೈಮಾಡಿ ಕರೆದ. ಆಗಲೇ ಮೇಸ್ತ್ರಿಯ ಕೈಯಲ್ಲಿ ಹಿಂದಕ್ಕೆ ಎಳೆಸಿಕೊಂಡಿದ್ದವನು ಬೆಲ್ಟು ಬಿಗಿದುಕೊಳ್ಳುತ್ತ ಎರಡನೇ ಟ್ಯಾಂಕಿನ ಏಣಿಯ ಕಡೆ ಹೊರಟ. ಹೇಳಬೇಕು ಅಂತ ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ಈಗ ತಾನೇ ಹೌದು ಸಾರ್ ಅಂದ ಬಾಯಿ ಇದು. 

ಆಳು ಏಣಿಗೆ ಕಾಲಿಟ್ಟಿದ್ದ. ಇವನು ಎದ್ದ. ಟ್ಯಾಂಕಿನ ಆಚೆ ಮಗ್ಗುಲಿನ ಇನ್ನೊಂದು ಏಣಿ ಹಿಡಿದು, ಸಿಪ್ಪೆ ಎದ್ದ ಅಂಗೈ ಕಬ್ಬಿಣಕ್ಕೆ ತಾಕಿ ಕಣ್ಣಲ್ಲಿ ನೀರು ಬರುತ್ತಿದ್ದರೂ ಬಿಡದೆ ಹತ್ತಿ, ನೆತ್ತಿ ಸೇರಿ, ಮನುಷ್ಯನೊಬ್ಬ ನುಗ್ಗುವಷ್ಟು ಅಗಲವಿದ್ದ ಬಾಯಿಯ ಮುಚ್ಚಳವನ್ನು ಎಳೆದು ಹಾಕಿ, ಅದರ ಮೇಲೆ ಕೂತುಬಿಟ್ಟ. ಹತ್ತಿ ಬಂದ ಆಳು ಕಕ್ಕಾಬಿಕ್ಕಿಯಾಗಿ ಏಣಿಯ ಮೇಲೇ ನಿಂತ. ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಬಿಸಿಲಿಗೆ ಕಾದ ಮುಚ್ಚಳ ಪ್ಯಾಂಟಿನ ಮೂಲಕ ಸುಡುತ್ತಿತ್ತು. ಏನ್ರೀ ಇದು, ಇಳೀರಿ ಕೆಳಗೆ ಅಂತ ಮ್ಯಾನೇಜರು ಕೋಟಿನವರನ್ನು ಒಮ್ಮೆ ನೋಡಿ ಕೂಗಿದರು. ಅವನು ಇಳಿಯಲಿಲ್ಲ. ಎರಡನೇದು ಹಸಿರಿದೆ ಅಲ್ವೇನ್ರೀ ಅಂದರು.

‘ಹಸಿರೇ ಇದೆ ಸಾರ್. ಒಂದು ವಾರದಿಂದ ಹಸಿರೇ ಇದೆ. ಪೆಟ್ಟಿಗೆಗಳಿಗೆ ಏನೂ ಕೇಳಿಸ್ತಿಲ್ಲ. ಡಬ್ಬಿ ನಾನೇ ತಪ್ಪು ಹಾಕಿದೀನಿ. ಇಲ್ಲದ ಪೆಟ್ಟಿಗೆನ ಕೇಳಿದ್ರೂ ಸರಿ ಅನ್ನುತ್ತೆ.’

ಅವನ ಧ್ವನಿ ಅಂಗಳದ ಆಚೆ ತನಕ ಕೇಳಿಸಿತು. ಮ್ಯಾನೇಜರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಅವರ ಮುಖದ ಮೇಲೆ ಕಂಡಿತು. ಮತ್ತೆ ಮೂರನೇದರಲ್ಲಿ ಗಾಳಿ ಕೆಟ್ಟಿದೆ ಅಂತ ನಿಮಗೆ ಹೇಳಿದ್ಯಾವುದು ಅಂತ ಕೇಳಿದರು, ಈಗ ಧ್ವನಿ ತಗ್ಗಿತ್ತು.

‘ಯಾವುದೂ ಹೇಳಲಿಲ್ಲ ಸಾರ್. ಹೆದರಿಕೆ ಆಯ್ತು, ಬಂದೆ.’

ಮೇಸ್ತ್ರಿ ಏಣಿಯ ಮೇಲಿದ್ದವನಿಗೆ ಕೆಳಗಿಳಿ ಅಂದ. ಅವನು ಒಂದೊಂದೇ ಮೆಟ್ಟಿಲು ಇಳಿದು, ಬೆಲ್ಟು ಬಿಚ್ಚಿ ನೆಲಕ್ಕೆ ಹಾಕಿದ. ಮ್ಯಾನೇಜರು ಫೋನು ತೆಗೆದು ಯಾರಿಗೋ ಎಲ್ಲ ಟ್ಯಾಂಕಿನ ಕೆಲಸ ನಿಲ್ಲಿಸಿ ಅಂತ ಹೇಳಲು ಶುರುಮಾಡಿದರು. ನೀವೂ ಇಳಿದು ಬನ್ನಿ, ಇನ್ನು ಯಾರೂ ಇಳಿಯಲ್ಲ ಅಂತ ಮೇಸ್ತ್ರಿ ಇವನನ್ನೂ ಕರೆದ. ಇವನು ಹೂಂ ಅಂದ. ಆದರೆ ಏಳಲಿಲ್ಲ. ತಾನು ಎದ್ದ ಮರುಗಳಿಗೆ ಯಾರಾದರೂ ಇಳಿದುಬಿಟ್ಟರೆ ಅಂತ, ಮುಚ್ಚಳದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತಿದ್ದ.